ಪ್ರೋಗ್ರೆಸಿವ್ ಪ್ರೆಸ್ ಕೊಳ್ಳುವ ಮುಂಚೆ: ಗಂಟೆಗೆ ಎಷ್ಟು ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ

ಪ್ರಶ್ನೆ: ಎರಡು ವರ್ಷದಿಂದ ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ (ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಯಂತ್ರ) 9 ಎಂಎಂ ಪಿಸ್ತೂಲಿನ ತೋಟೆ ತುಂಬುತ್ತಿದ್ದೇನೆ. ಲೈಸೆನ್ಸ್, ಅನುಮತಿ ಎಲ್ಲ ಸರಿಯಾಗಿದೆ. ವಾರಕ್ಕೆ ಸುಮಾರು 200 ಗುಂಡು ಅಭ್ಯಾಸಕ್ಕೆ ಬೇಕು. ರಜೆಯ ದಿನವೆಲ್ಲ ಬೆಂಚಿನ ಮುಂದೆಯೇ ಕಳೆದುಹೋಗುತ್ತದೆ. ಪ್ರೋಗ್ರೆಸಿವ್ ಪ್ರೆಸ್ ತೆಗೆದುಕೊಳ್ಳಬೇಕು ಅಂದುಕೊಂಡಿದ್ದೇನೆ. ನಾಲ್ಕು ಸ್ಟೇಷನ್ (ಒಂದೊಂದು ಕೆಲಸ ನಡೆಯುವ ಮನೆ) ಸಾಕೋ, ಐದು ಬೇಕೋ? ಕೇಸುಗಳನ್ನು, ಅಂದರೆ ತೋಟೆಯ ಖಾಲಿ ಚಿಪ್ಪುಗಳನ್ನು, ಹೊತ್ತ ಪ್ಲೇಟ್ ಕೈಯಿಂದ ತಿರುಗಿಸುವುದು ಒಳ್ಳೆಯದೋ, ತಾನಾಗಿ ತಿರುಗುವುದು ಒಳ್ಳೆಯದೋ? ಮುಂದೆ .38 ಸ್ಪೆಷಲ್ ರಿವಾಲ್ವರ್ ತೋಟೆ ಮತ್ತು .223 ರೈಫಲ್ ತೋಟೆ ಕೂಡ ಮಾಡುವ ಆಸೆ ಇದೆ. ಗಂಟೆಗೆ ಅತಿ ಹೆಚ್ಚು ತೋಟೆ ಕೊಡುವುದು ಯಾವುದು?

ಉತ್ತರ: ಎರಡು ವರ್ಷ ಸಿಂಗಲ್ ಸ್ಟೇಜ್‌ನಲ್ಲಿ ಕೈ ಪಳಗಿಸಿಕೊಂಡು ಬಂದಿದ್ದೀರಿ, ಅದು ಒಳ್ಳೆಯದಾಯಿತು. ಈ ಕೆಲಸಕ್ಕೆ ಮೊದಲ ದಿನವೇ ಪ್ರೋಗ್ರೆಸಿವ್ ಮುಂದೆ ಕೂರುವವರಿಗೆ ನಾನು ಸಾಮಾನ್ಯವಾಗಿ ಬೇಡ ಅಂತಲೇ ಹೇಳುವುದು. ಒಂದೊಂದು ಡೈ (ಪ್ರೆಸ್‌ಗೆ ಹಾಕುವ ಅಚ್ಚು) ಏನು ಮಾಡುತ್ತದೆ, ಹ್ಯಾಂಡಲ್ ಎಲ್ಲಿ ಭಾರವಾಗಬೇಕು, ಎಲ್ಲಿ ಹಗುರಾಗಬೇಕು ಅಂತ ನಿಮ್ಮ ಕೈಗೆ ಗೊತ್ತು. ಪ್ರೋಗ್ರೆಸಿವ್‌ನಲ್ಲಿ ಆ ನಾಲ್ಕೈದು ಕೆಲಸವೂ ಒಂದೇ ಎಳೆತದಲ್ಲಿ ಆಗುತ್ತವೆ. ಬೇರೆಬೇರೆಯಾಗಿ ಗೊತ್ತಿಲ್ಲದವನಿಗೆ ಒಟ್ಟಿಗೆ ಆದಾಗ ಏನೂ ತಿಳಿಯುವುದಿಲ್ಲ.

ಆದರೆ ನಿಮ್ಮ ಕೊನೆಯ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡೋಣ. ನಿಮ್ಮ ಲೆಕ್ಕ ವಾರಕ್ಕೆ 200, ಅಂದರೆ ವರ್ಷಕ್ಕೆ ಹತ್ತು ಸಾವಿರದ ಆಸುಪಾಸು. ಸಿಂಗಲ್ ಸ್ಟೇಜ್‌ನಲ್ಲಿ ಗಂಟೆಗೆ ಐವತ್ತು ಅರವತ್ತು ಆದರೂ 200ಕ್ಕೆ ಮೂರು ನಾಲ್ಕು ಗಂಟೆ ಬೇಕು. ಯಾವ ಪ್ರೋಗ್ರೆಸಿವ್ ಆದರೂ ನಿಧಾನವಾಗಿ, ನೋಡಿಕೊಂಡು ಗಂಟೆಗೆ 300 ಕೊಡುತ್ತದೆ. ಆಗ ನಿಮ್ಮ ವಾರದ ಕೆಲಸ 40 ನಿಮಿಷ. ಗಂಟೆಗೆ 800 ಬರುವ ಯಂತ್ರ ಕೊಂಡರೆ ಅದು 15 ನಿಮಿಷ ಆಗುತ್ತದೆ. ಉಳಿದ 25 ನಿಮಿಷದಲ್ಲಿ ಏನು ಮಾಡುತ್ತೀರಿ? ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಟ್ಯೂಬ್ ತುಂಬುತ್ತೀರಿ, ಅಷ್ಟೇ. ಟ್ಯೂಬಿಗೆ ಹಿಡಿಯುವುದು 100 ಪ್ರೈಮರ್. ಟ್ರೇಯಲ್ಲಿ ಒಂದೇ ಮುಖಕ್ಕೆ ತಿರುಗಿಸಿ ಒಂದೊಂದಾಗಿ ಕುಟ್ಟಿ ಎತ್ತಿಕೊಳ್ಳುವುದಕ್ಕೆ ಎರಡು ಮೂರು ನಿಮಿಷ ಬೇಕೇ ಬೇಕು. ಡಬ್ಬಿಯ ಮೇಲೆ ಬರೆದಿರುವ ವೇಗದಲ್ಲಿ ಈ ಸಮಯ ಸೇರಿರುವುದಿಲ್ಲ.

ಹಾಗಾದರೆ ಏನು ನೋಡಬೇಕು? ಎರಡು ಸಂಗತಿ. ಒಂದು, ಪ್ರತಿ ಕೇಸಿನೊಳಗೆ ಬಿದ್ದ ಮದ್ದು ನಿಮ್ಮ ಕಣ್ಣಿಗೆ ಬೀಳುತ್ತದೆಯೇ ಅನ್ನುವುದು. ಎರಡು, ಕೆಲಸ ಮಧ್ಯೆ ನಿಂತರೆ ಆ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು. ಸಲೀಸಾಗಿ ಓಡುತ್ತಿರುವಾಗ ಎಲ್ಲ ಪ್ರೆಸ್‌ಗಳೂ ಒಳ್ಳೆಯವೇ. ಕೆಟ್ಟ ತೋಟೆ ಹುಟ್ಟುವುದು ಏನೋ ಸಿಕ್ಕಿಹಾಕಿಕೊಂಡು, ಹ್ಯಾಂಡಲ್ ಅರ್ಧಕ್ಕೆ ನಿಂತು, ನೀವು ಬಗ್ಗಿ ನೋಡಿ ಮತ್ತೆ ಶುರು ಮಾಡುವ ಆ ಅರ್ಧ ನಿಮಿಷದಲ್ಲಿ.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಹಲವು ವರ್ಷದ ಹಿಂದೆ ಒಂದು ಸಂಜೆ ಒಂದು ಪ್ರೈಮರ್ ಅಡ್ಡವಾಗಿ ಕೂತಿತು. ಹ್ಯಾಂಡಲ್ ಮುಂದೆ ಹೋಗಲಿಲ್ಲ. ಹಿಂದೆ ತಂದೆ, ಕೇಸ್ ತೆಗೆದೆ, ಅಷ್ಟರಲ್ಲಿ ಫೋನ್ ಬಂತು. ಮಾತಾಡಿ ಬಂದು ‘ಎಲ್ಲಿದ್ದೆ’ ಅಂತ ಯೋಚಿಸಿ, ಪ್ಲೇಟನ್ನು ಒಂದು ಹೆಜ್ಜೆ ತಿರುಗಿಸಿ ಮುಂದುವರಿಸಿದೆ. ಎರಡು ವಾರದ ನಂತರ ರೇಂಜ್‌ನಲ್ಲಿ ‘ಢಂ’ ಅನ್ನಬೇಕಾದ ಜಾಗದಲ್ಲಿ ಒಂದು ‘ಟುಸ್’ ಅಂತು. ಪಿಸ್ತೂಲು ಕೈಯಲ್ಲಿ ಅಲ್ಲಾಡಲೇ ಇಲ್ಲ. ಪುಣ್ಯಕ್ಕೆ ನಿಲ್ಲಿಸಿದೆ. ಖಾಲಿ ಮಾಡಿ ಬಿಚ್ಚಿ ನೋಡಿದರೆ ಗುಂಡು ನಳಿಗೆಯ ಮಧ್ಯೆ ಕೂತಿತ್ತು. ಆ ಕೇಸಿಗೆ ಮದ್ದೇ ಬಿದ್ದಿರಲಿಲ್ಲ, ಪ್ರೈಮರ್ ಒಂದೇ ಅದನ್ನು ಅಷ್ಟು ದೂರ ತಳ್ಳಿತ್ತು. ಅಭ್ಯಾಸಬಲದಿಂದ ಇನ್ನೊಂದು ಹೊಡೆದಿದ್ದರೆ ನಳಿಗೆ ಉಬ್ಬುತ್ತಿತ್ತು, ಇಲ್ಲ ಸೀಳುತ್ತಿತ್ತು. ಆ ಸಂಜೆಯ ಉಳಿದ 180 ತೋಟೆಗಳನ್ನೂ ಸುತ್ತಿಗೆಯಂಥ ಪುಲ್ಲರ್‌ನಲ್ಲಿ ಕುಟ್ಟಿ ಕುಟ್ಟಿ ಬಿಚ್ಚಿದೆ. ಒಂದೊಂದಕ್ಕೂ ಮೂರು ನಾಲ್ಕು ಪೆಟ್ಟು. ಮಿಕ್ಕವೆಲ್ಲ ಸರಿಯಾಗಿಯೇ ಇದ್ದವು. ತಪ್ಪು ಯಂತ್ರದ್ದಲ್ಲ, ಫೋನ್ ಎತ್ತಿದ ನನ್ನದು.

ಈಗ ನಿಮ್ಮ ಎರಡನೇ ಪ್ರಶ್ನೆ, ಪ್ಲೇಟ್ ತಿರುಗುವ ವಿಚಾರ. ಅದನ್ನೇ ಮೊದಲು ನೋಡೋಣ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಕೈಯಿಂದ ತಿರುಗಿಸುವ ಪ್ರೆಸ್ ಅಂದರೆ ಎಲ್ಲರ ನೆನಪಿಗೆ ಬರುವುದು ಡಿಲ್ಲನ್ ಕಂಪನಿಯ ಆರ್‌ಎಲ್ 550. ನಾಲ್ಕು ಸ್ಟೇಷನ್. ಒಂದು ಎಳೆತ ಆದಮೇಲೆ ಹೆಬ್ಬೆರಳಿನಿಂದ ಪ್ಲೇಟನ್ನು ನೀವೇ ಒಂದು ಮನೆ ಮುಂದೆ ನೂಕಬೇಕು. ಮರೆತು ಎರಡು ಸಲ ಎಳೆದರೆ? ಎರಡನೇ ಸ್ಟೇಷನ್‌ನಲ್ಲಿರುವ ಅದೇ ಕೇಸಿಗೆ ಎರಡನೇ ಸಲ ಮದ್ದು ಬೀಳುತ್ತದೆ. ಇದೇ ಅದರ ಮೇಲಿನ ದೊಡ್ಡ ದೂರು. ತಾನಾಗಿ ತಿರುಗುವ ಪ್ರೆಸ್‌ನಲ್ಲಿ ಈ ಮರೆವಿಗೆ ಜಾಗವಿಲ್ಲ, ಹ್ಯಾಂಡಲ್ ಪೂರ್ತಿ ಹೋಗಿಬಂದರೆ ಪ್ಲೇಟ್ ಮುಂದೆ ಹೋಗಲೇಬೇಕು.

ಹಾಗಂತ ಆಟೋ ಇಂಡೆಕ್ಸ್ ಕೊಂಡರೆ ಡಬಲ್ ಚಾರ್ಜ್ ಆಗುವುದೇ ಇಲ್ಲ ಅಂದುಕೊಳ್ಳಬೇಡಿ. ‘ಪೂರ್ತಿ ಹೋಗಿಬಂದರೆ’ ಅಂದೆನಲ್ಲ, ಅಲ್ಲೇ ಇದೆ ವಿಷಯ. ಮದ್ದು ಬಿದ್ದಾಗಿದೆ, ಪ್ಲೇಟ್ ಇನ್ನೂ ತಿರುಗಿಲ್ಲ, ಆಗ ಏನೋ ಸಿಕ್ಕಿಕೊಂಡು ನೀವು ಹ್ಯಾಂಡಲನ್ನು ವಾಪಸ್ ತಂದು ಮತ್ತೆ ಎಳೆದರೆ ಅದೇ ಕೇಸಿಗೆ ಇನ್ನೊಂದು ಸಲ ಮದ್ದು ಬೀಳಬಹುದು. ಅಂದರೆ ಒಂದು ಯಂತ್ರ ಮರೆವನ್ನು ಕ್ಷಮಿಸುವುದಿಲ್ಲ, ಇನ್ನೊಂದು ಅರ್ಧಕ್ಕೆ ನಿಲ್ಲಿಸುವುದನ್ನು ಕ್ಷಮಿಸುವುದಿಲ್ಲ. ನಿಮ್ಮ ಸ್ವಭಾವ ಯಾವುದು ಅಂತ ನೀವೇ ನೋಡಿಕೊಳ್ಳಿ. ಕೆಲಸದ ಮಧ್ಯೆ ಮನಸ್ಸು ಎಲ್ಲೆಲ್ಲೋ ಹೋಗುವವರಿಗೆ ಆಟೋ ಇಂಡೆಕ್ಸ್. ಏನಾದರೂ ಗಟ್ಟಿಯಾಗಿ ತಗುಲಿದರೆ ತಕ್ಷಣ ಹಿಂದೆ ಮುಂದೆ ಅಲ್ಲಾಡಿಸಿ ನೋಡುವ ಅವಸರದವರಿಗೆ ಕೈಯಿಂದ ತಿರುಗಿಸುವುದು. ಎರಡೂ ಗುಣ ಇದ್ದವರು ಸಿಂಗಲ್ ಸ್ಟೇಜ್‌ನಲ್ಲೇ ಇರಲಿ, ತಮಾಷೆಗೆ ಹೇಳುತ್ತಿಲ್ಲ.

ಯಾವುದೇ ಪ್ರೆಸ್ ಇರಲಿ, ಸಿಕ್ಕಿಕೊಂಡಾಗ ಪಾಲಿಸಲು ಒಂದೇ ನಿಯಮ ಇಟ್ಟುಕೊಳ್ಳಿ. ಪ್ಲೇಟಿನ ಮೇಲಿರುವ ಅಷ್ಟೂ ಕೇಸುಗಳನ್ನು ತೆಗೆಯಿರಿ. ಮದ್ದಿದ್ದದ್ದನ್ನು ಅದರದೇ ಪಾತ್ರೆಗೆ ಸುರಿಯಿರಿ. ಖಾಲಿ ಪ್ಲೇಟಿನಿಂದ ಮತ್ತೆ ಶುರು ಮಾಡಿ. ಮುಗಿದ ತೋಟೆಗಳಲ್ಲಿ ಯಾವುದರ ಮೇಲಾದರೂ ಅನುಮಾನ ಬಂದರೆ ಅದು ಕೆಂಪು ಡಬ್ಬಿಗೆ, ಅಂದರೆ ಆಮೇಲೆ ಬಿಚ್ಚಬೇಕಾದವುಗಳ ಡಬ್ಬಿಗೆ. ಐದು ಕೇಸು ತೆಗೆಯುವುದಕ್ಕೆ ಒಂದು ನಿಮಿಷ. ಬೇಜಾರು ಮಾಡಿಕೊಳ್ಳಬೇಡಿ.

ಸ್ಟೇಷನ್ ಲೆಕ್ಕಕ್ಕೆ ಬರೋಣ. ಪಿಸ್ತೂಲ್ ತೋಟೆಗೆ ಆಗಬೇಕಾದ ಕೆಲಸ ನಿಮಗೇ ಗೊತ್ತು: ಕೇಸನ್ನು ಅಳತೆಗೆ ತಂದು ಹಳೆ ಪ್ರೈಮರ್ ಉದುರಿಸುವುದು, ಹೊಸ ಪ್ರೈಮರ್ ಕೂರಿಸುವುದು, ಬಾಯಿ ಅಗಲಿಸಿ ಮದ್ದು ಹಾಕುವುದು, ಗುಂಡು ಕೂರಿಸುವುದು, ಕೇಸಿನ ಬಾಯಿ ಒತ್ತಿ ಬಿಗಿಯುವುದು, ಅಂದರೆ ಕ್ರಿಂಪ್ ಮಾಡುವುದು. ನಾಲ್ಕು ಸ್ಟೇಷನ್‌ಗಳಲ್ಲಿ ಇಷ್ಟೂ ಹಿಡಿಸುತ್ತವೆ. ಹಾಗಾದರೆ ಐದನೆಯದು ಯಾಕೆ? ಮದ್ದು ಪರೀಕ್ಷಿಸುವ ಡೈ ಇಡುವುದಕ್ಕೆ. ಮದ್ದು ಬಿದ್ದಮೇಲೆ, ಗುಂಡು ಮುಚ್ಚುವ ಮುಂಚೆ, ಒಂದು ಕಡ್ಡಿ ಕೇಸಿನೊಳಗೆ ಇಳಿದು ಮದ್ದಿನ ಮಟ್ಟ ನೋಡುತ್ತದೆ. ಆರ್‌ಸಿಬಿಎಸ್ ಕಂಪನಿಯ ಲಾಕ್‌ಔಟ್ ಡೈ ಮಟ್ಟ ತಪ್ಪಿದರೆ ಪ್ರೆಸ್ಸನ್ನೇ ತಡೆದು ನಿಲ್ಲಿಸುತ್ತದೆ. ಹಾರ್ನಡಿಯ ಪೌಡರ್ ಕಾಪ್‌ನಲ್ಲಿ ಒಂದು ಕಡ್ಡಿ ಮೇಲೇಳುತ್ತದೆ, ಅದರ ಗುರುತು ಎಲ್ಲಿದೆ ಅಂತ ನೀವು ನೋಡಬೇಕು. ಡಿಲ್ಲನ್‌ನದು ಕಿರ್ ಅಂತ ಕೂಗುತ್ತದೆ. ಇವು ತಕ್ಕಡಿ ಅಲ್ಲ, ಗ್ರೇನಿನ (ಮದ್ದು ತೂಗುವ ಅಳತೆ) ಹತ್ತನೇ ಒಂದು ಭಾಗ ಹೆಚ್ಚುಕಮ್ಮಿ ಆದರೆ ಹೇಳುವುದಿಲ್ಲ. ಖಾಲಿ ಕೇಸನ್ನೂ ಡಬಲ್ ಚಾರ್ಜನ್ನೂ ಹಿಡಿಯುತ್ತವೆ. ನಮಗೆ ಬೇಕಾದದ್ದೂ ಅಷ್ಟೇ.

ನಾಲ್ಕು ಸ್ಟೇಷನ್‌ನಲ್ಲೂ ಈ ಡೈ ಹಾಕಬಹುದು, ಆದರೆ ಆಗ ಗುಂಡು ಕೂರಿಸುವುದನ್ನೂ ಕ್ರಿಂಪನ್ನೂ ಒಂದೇ ಡೈನಲ್ಲಿ ಮಾಡಬೇಕು. ಗುಂಡು ಇನ್ನೂ ಕೆಳಗಿಳಿಯುತ್ತಿರುವಾಗಲೇ ಕೇಸಿನ ಬಾಯಿ ಮುಚ್ಚತೊಡಗುತ್ತದೆ. ಸೀಸದ ಗುಂಡಾದರೆ ಬದಿಯಲ್ಲಿ ಸಣ್ಣ ಸುರುಳಿಯಾಗಿ ಸೀಸ ಹೆರೆದುಬರುವುದು ಕಾಣುತ್ತದೆ. ಸರಿಯಾಗಿ ಹೊಂದಿಸಿದರೆ ನಡೆಯುತ್ತದೆ, ಆದರೆ ಕಿರಿಕಿರಿ. ಬೇರೆಬೇರೆ ಮಾಡುವುದೇ ನನಗೆ ಇಷ್ಟ. ಹಾಗಾಗಿ ನಿಮಗೆ ಐದು ಅಂತಲೇ ಹೇಳುತ್ತೇನೆ.

ನಿಮ್ಮ .38 ಸ್ಪೆಷಲ್ ಯೋಚನೆ ಈ ಮಾತಿಗೆ ಇನ್ನೂ ತೂಕ ಕೊಡುತ್ತದೆ. ಆ ಕೇಸ್ ಹುಟ್ಟಿದ್ದು 1898ರಲ್ಲಿ, ಕರಿಮದ್ದಿನ ಕಾಲದ ಬಾಲದಲ್ಲಿ. ಕರಿಮದ್ದಿಗೆ ಜಾಗ ಜಾಸ್ತಿ ಬೇಕು, ಅದಕ್ಕೇ ಅದು 29 ಮಿಲಿಮೀಟರ್‌ಗೂ ಹೆಚ್ಚು ಉದ್ದದ ಬಾವಿ. ಇವತ್ತಿನ ಹೊಗೆಯಿಲ್ಲದ ಬಿರುಸು ಮದ್ದು ಅದರ ತಳದಲ್ಲಿ ಚಮಚದಷ್ಟೂ ಇರುವುದಿಲ್ಲ. ಎರಡು ಸಲ ಬಿದ್ದರೂ ಗುಂಡು ಆರಾಮಾಗಿ ಕೂರುತ್ತದೆ, ಹ್ಯಾಂಡಲ್‌ಗೆ ಏನೂ ಗೊತ್ತಾಗುವುದಿಲ್ಲ. 9 ಎಂಎಂ ಕೇಸ್ 19 ಮಿಲಿಮೀಟರ್ ಚಿಲ್ಲರೆ, ಮೊದಲಿಂದಲೂ ಹೊಗೆಯಿಲ್ಲದ ಮದ್ದಿಗೆಂದೇ ಮಾಡಿದ್ದು. ಅಲ್ಲಿ ಸ್ವಲ್ಪ ಉಬ್ಬು ಜಾತಿಯ ಮದ್ದು ಆರಿಸಿಕೊಂಡರೆ ಕೇಸ್ ಅರ್ಧಕ್ಕಿಂತ ಹೆಚ್ಚು ತುಂಬುತ್ತದೆ, ಎರಡು ಸಲ ಬಿದ್ದರೆ ಹೊರಗೆ ಚೆಲ್ಲಿ ತಾನೇ ಹೇಳಿಬಿಡುತ್ತದೆ. ಪ್ರೋಗ್ರೆಸಿವ್‌ಗೆ ಮದ್ದು ಆರಿಸುವಾಗ ನಾನು ಮೊದಲು ನೋಡುವುದು ಈ ಗುಣವನ್ನೇ. ಅಳತೆ ಎಷ್ಟು ಅನ್ನುವುದನ್ನು ಮಾತ್ರ ಮದ್ದಿನ ತಯಾರಕರ ಅಚ್ಚಾದ ಪಟ್ಟಿಯಿಂದಲೇ ತೆಗೆದುಕೊಳ್ಳಿ, ಪಟ್ಟಿಯ ಕೆಳಗಿನ ಅಳತೆಯಿಂದಲೇ ಶುರು ಮಾಡಿ. ನನ್ನಿಂದಲೂ ಕೇಳಬೇಡಿ, ರೇಂಜ್‌ನ ಗೆಳೆಯರಿಂದಲೂ ಬೇಡ.

ಆದರೆ ತುಂಬಿದ ಕೇಸಿಗೆ ಇನ್ನೊಂದು ತಾಪತ್ರಯ ಇದೆ. ತಾನಾಗಿ ತಿರುಗುವ ಪ್ಲೇಟ್ ಕೆಲವು ಪ್ರೆಸ್‌ಗಳಲ್ಲಿ ಕೊನೆಗೆ ‘ಟಕ್’ ಅಂತ ಕುಪ್ಪಳಿಸಿ ಕೂರುತ್ತದೆ. 9 ಎಂಎಂನಂಥ ಗಿಡ್ಡ ಕೇಸಿನಿಂದ ನಾಲ್ಕು ಕಾಳು ಮದ್ದು ಹಾರಿ ಪ್ಲೇಟ್ ಮೇಲೆ ಬೀಳುತ್ತವೆ. ಅದು ಪ್ಲೇಟಿನ ಕೆಳಗೆ, ಪ್ರೈಮರ್ ಕೂರುವ ತೂತಿನ ಸುತ್ತ ಸೇರಿಕೊಂಡು ಪ್ರೈಮರ್‌ಗಳು ಮೇಲೆ ಕೆಳಗೆ ಆಗತೊಡಗುತ್ತವೆ. ಹಾರ್ನಡಿಯ ಲಾಕ್ ಎನ್ ಲೋಡ್ ಎಪಿ ಪ್ರೆಸ್‌ನಲ್ಲಿ ಪ್ಲೇಟ್ ಒಂದೇ ಏಟಿಗೆ ತಿರುಗುವುದಿಲ್ಲ, ಹ್ಯಾಂಡಲ್ ಹೋಗುವಾಗ ಅರ್ಧ, ಬರುವಾಗ ಅರ್ಧ ತಿರುಗುತ್ತದೆ. ಹಾಗಾಗಿ ನಡೆ ಮೆತ್ತಗಿದೆ. ಡಿಲ್ಲನ್‌ನ ತಾನಾಗಿ ತಿರುಗುವ ಪ್ರೆಸ್‌ಗಳಲ್ಲಿ ಪ್ಲೇಟಿನ ಕೆಳಗಿನ ಗೋಲಿ ಮತ್ತು ಸ್ಪ್ರಿಂಗ್ ಕಾರಣ ಈ ಕುಪ್ಪಳಿಕೆ ತುಸು ಜಾಸ್ತಿ. ಹಲವರು ಮೆದು ಸ್ಪ್ರಿಂಗ್ ಹಾಕಿಕೊಳ್ಳುತ್ತಾರೆ. ಹ್ಯಾಂಡಲ್‌ನ ಕೊನೆಯ ಎರಡು ಇಂಚನ್ನು ನಿಧಾನವಾಗಿ ತಂದರೂ ಅರ್ಧ ಸಮಸ್ಯೆ ಹೋಗುತ್ತದೆ. ಕೊಳ್ಳುವ ಮುಂಚೆ ಯಾರ ಹತ್ತಿರವಾದರೂ ಇದ್ದರೆ ಒಂದು ಹತ್ತು ಸಲ ಎಳೆದು ನೋಡಿ. ಕಣ್ಣಿನ ಮಟ್ಟಕ್ಕೆ ಬಗ್ಗಿ ಪ್ಲೇಟನ್ನು ನೋಡಿ, ಹ್ಯಾಂಡಲ್ಲನ್ನಲ್ಲ.

ಈಗ ಹೆಸರು ಹಿಡಿದು ಮಾತಾಡೋಣ. ನಿಮ್ಮ ಅಳತೆಗೆ ಬರುವ ಐದು ಸ್ಟೇಷನ್‌ನವು ಮುಖ್ಯವಾಗಿ ಎರಡು: ಈಗ ಹೇಳಿದ ಹಾರ್ನಡಿ, ಮತ್ತು ಡಿಲ್ಲನ್ ಎಕ್ಸ್‌ಎಲ್ 750. ಈ 750 ಬಂದದ್ದು 2019ರಲ್ಲಿ, ಎಕ್ಸ್‌ಎಲ್ 650ರ ಜಾಗಕ್ಕೆ. 650ರಲ್ಲಿ ಪ್ರೈಮರ್‌ಗಳು ಒಂದು ತಿರುಗುವ ತಟ್ಟೆಯಲ್ಲಿ ಬರುತ್ತಿದ್ದವು. ಕೇಸ್ ಇರಲಿ ಬಿಡಲಿ, ಪ್ರತಿ ಎಳೆತಕ್ಕೂ ತಟ್ಟೆ ಮುಂದೆ ಹೋಗುತ್ತಿತ್ತು, ಬಳಸದ ಪ್ರೈಮರ್ ಹೊರಗೆ ಉದುರುತ್ತಿತ್ತು. 750ರಲ್ಲಿ ಅದನ್ನು ಬಿಟ್ಟು 550ರಂತೆ ಹಿಂದೆ ಮುಂದೆ ಜಾರುವ ಪಟ್ಟಿ ಇಟ್ಟಿದ್ದಾರೆ. ಕೇಸ್ ಇಲ್ಲದಿದ್ದರೆ ಪ್ರೈಮರ್ ಅಲ್ಲೇ ಉಳಿಯುತ್ತದೆ. ಹಳೆ 650 ಕಡಿಮೆಗೆ ಸಿಕ್ಕರೆ ಬಿಡಬೇಡಿ, ಆದರೆ ಈ ವ್ಯತ್ಯಾಸ ಗೊತ್ತಿರಲಿ.

ಹಾರ್ನಡಿಯ ಅನುಕೂಲ ಡೈ ಬದಲಿಸುವುದರಲ್ಲಿದೆ. ಪ್ರತಿ ಡೈಗೂ ಒಂದು ಬುಶಿಂಗ್. ಸ್ವಲ್ಪ ತಿರುಗಿಸಿದರೆ ಡೈ ಹೊರಗೆ, ಹೊಂದಿಸಿದ್ದು ಹಾಗೇ ಉಳಿಯುತ್ತದೆ. ಡಿಲ್ಲನ್‌ನಲ್ಲಿ ನಾಲ್ಕೋ ಐದೋ ಡೈಗಳನ್ನು ಹೊತ್ತ ಟೂಲ್‌ಹೆಡ್ ಇಡಿಯಾಗಿ ಜಾರಿ ಹೊರಬರುತ್ತದೆ. ಒಂದೊಂದು ಕ್ಯಾಲಿಬರ್‌ಗೆ (ತೋಟೆಯ ಅಳತೆಗೆ) ಒಂದೊಂದು ಟೂಲ್‌ಹೆಡ್ ಇಟ್ಟುಕೊಂಡರೆ ಎರಡು ನಿಮಿಷದ ಕೆಲಸ, ಆದರೆ ಖರ್ಚು ಬೆಳೆಯುತ್ತದೆ. ಪ್ರೆಸ್‌ನ ಬೆಲೆ ನೋಡಿ ಲೆಕ್ಕ ಹಾಕುವವರು ಇಲ್ಲೇ ಎಡವುವುದು. ಶೆಲ್‌ಪ್ಲೇಟ್ (ಆ ತಿರುಗುವ ಪ್ಲೇಟೇ), ಕೇಸನ್ನು ಹಿಡಿಯುವ ಸಣ್ಣ ಗುಂಡಿಗಳು, ಮದ್ದಿನ ಕೊಳವೆ, ಡೈ ಸೆಟ್ಟು, ಎಲ್ಲ ಸೇರಿಸಿ ಮೂರು ಕ್ಯಾಲಿಬರ್‌ಗೂ ಒಂದು ಹಾಳೆಯ ಮೇಲೆ ಬರೆದು ಕೂಡಿಸಿ. ಆಮೇಲೆ ಹೋಲಿಸಿ.

ಒಂದು ಸಮಾಧಾನದ ಸುದ್ದಿ: ನಿಮ್ಮ ಮೂರೂ ಕ್ಯಾಲಿಬರ್‌ಗೆ ಸಣ್ಣ ಅಳತೆಯ ಪ್ರೈಮರ್ರೇ ಬೇಕು. ಪ್ರೈಮರ್ ಭಾಗಗಳನ್ನು ಬಿಚ್ಚಿ ಬದಲಿಸುವ ತಲೆನೋವಿಲ್ಲ. ಆದರೆ 9 ಎಂಎಂಗೆ, .38ಕ್ಕೆ ಪಿಸ್ತೂಲ್ ಪ್ರೈಮರ್, .223ಗೆ ರೈಫಲ್ ಪ್ರೈಮರ್. ಅಗಲ ಒಂದೇ, ಬಟ್ಟಲಿನ ದಪ್ಪ ಬೇರೆ. ಕಣ್ಣಿಗೆ ಒಂದೇ ಥರ ಕಾಣುತ್ತವೆ. ಕ್ಯಾಲಿಬರ್ ಬದಲಿಸುವಾಗ ಟ್ಯೂಬಿನಲ್ಲಿ ಒಂದೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಡಿಲ್ಲನ್‌ನ ಸ್ಕ್ವೇರ್ ಡೀಲ್ ಬಿ ಅನ್ನುವ ಪುಟ್ಟ ಪ್ರೆಸ್ ಒಂದಿದೆ, ತಾನಾಗಿ ತಿರುಗುತ್ತದೆ, ನೋಡಲು ಮುದ್ದಾಗಿದೆ. ನಿಮಗೆ ಬೇಡ. ಅದು ಪಿಸ್ತೂಲ್ ತೋಟೆಗೆ ಮಾತ್ರ, .223 ಅದರಲ್ಲಿ ಆಗುವುದಿಲ್ಲ. ಡೈಗಳೂ ಅದರದೇ ಅಳತೆಯವು. ನಿಮ್ಮ ಹತ್ತಿರ ಈಗಿರುವ ಮಾಮೂಲು ಏಳು ಬೈ ಎಂಟು ಇಂಚಿನ ಸ್ಕ್ರೂ ಸುತ್ತಿನ ಡೈಗಳು ಅದಕ್ಕೆ ಹೊಂದುವುದಿಲ್ಲ. ಲೀ ಕಂಪನಿಯ ಆರು ಸ್ಟೇಷನ್‌ನ ಸಿಕ್ಸ್ ಪ್ಯಾಕ್ ಪ್ರೋ ಬೆಲೆಯಲ್ಲಿ ಹಗುರ, ಸ್ಟೇಷನ್‌ಗೂ ಕೊರತೆಯಿಲ್ಲ. ಬಿಚ್ಚಿ ಜೋಡಿಸಿ ಸರಿಮಾಡುತ್ತಾ ಕೂರುವುದು ಖುಷಿ ಕೊಡುವವರಿಗೆ ಒಳ್ಳೆಯ ಆಯ್ಕೆ. ಎಂಟು ಸ್ಟೇಷನ್‌ನ ಡಿಲ್ಲನ್ ಆರ್‌ಎಲ್ 1100, ಹತ್ತು ಸ್ಟೇಷನ್‌ನ ಫ್ರಾಂಕ್‌ಫರ್ಡ್ ಆರ್ಸೆನಲ್ ಎಕ್ಸ್-10 ಬಗ್ಗೆಯೂ ಕೇಳಿರುತ್ತೀರಿ. 1100ರ ವಿಶೇಷ ಅಂದರೆ ಮಿಲಿಟರಿ ಕೇಸುಗಳಲ್ಲಿ ಪ್ರೈಮರ್ ಸುತ್ತ ಒತ್ತಿರುವ ಅಂಚನ್ನು ಅದೇ ಎಳೆತದಲ್ಲಿ ಸರಿಮಾಡಿಬಿಡುತ್ತದೆ. ವಾರಕ್ಕೆ 200ರ ಲೆಕ್ಕಕ್ಕೆ ಇವು ಬೇಕಾಗಿಲ್ಲ.

ಹಾಗಾದರೆ ನನ್ನ ಆಯ್ಕೆ? ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು 9 ಎಂಎಂ ಆಗಿಯೇ ಉಳಿಯುವುದಾದರೆ 750 ಇಲ್ಲವೇ ಹಾರ್ನಡಿ ಎಪಿ, ಮದ್ದು ಪರೀಕ್ಷಿಸುವ ಡೈ ಸಮೇತ. ಅದು ಬಿಟ್ಟು, ಇವತ್ತು ನೂರು ಆ ತೋಟೆ, ನಾಳೆ ಐವತ್ತು ಈ ತೋಟೆ ಅಂತ ಬದಲಿಸುತ್ತಲೇ ಇರುವವರಾದರೆ 550. ಅದರಲ್ಲಿ ಬದಲಿಸುವ ಭಾಗ ಕಡಿಮೆ, ಕೆಡುವ ಭಾಗವೂ ಕಡಿಮೆ. ನನ್ನ ಬೆಂಚಿನ ಮೇಲೆ ಇವತ್ತಿಗೂ ಅದೇ ಇದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಮೇಲಿನ ಕಥೆಯ ನಂತರವೂ. ಪ್ಲೇಟ್ ನಾನು ತಿರುಗಿಸಿದರೆ ಮಾತ್ರ ತಿರುಗುತ್ತದೆ ಅನ್ನುವುದು ನನ್ನನ್ನು ಎಚ್ಚರವಾಗಿಡುತ್ತದೆ.

ಕೇಸ್ ಫೀಡರ್ ಈಗಲೇ ಕೊಳ್ಳಬೇಡಿ. ಮೋಟಾರಿನ ಬುಟ್ಟಿಗೆ ಕೇಸುಗಳನ್ನು ಸುರಿದರೆ ತಾನೇ ಒಂದೊಂದಾಗಿ ಇಳಿಸುತ್ತದೆ ನಿಜ, ಎಡಗೈ ಬಿಡುವಾಗುತ್ತದೆ. ಆದರೆ ಆ ಕೈ ಒಂದೊಂದು ಕೇಸನ್ನು ಮುಟ್ಟುವಾಗ ಎಷ್ಟೋ ವಿಷಯ ತಿಳಿಯುತ್ತದೆ. ಬಿರುಕು, ಒಳಗೆ ಸಿಕ್ಕಿಕೊಂಡ ಕಲ್ಲು, ಗುಂಪಿನಲ್ಲಿ ನುಸುಳಿದ .380 ಕೇಸು. .380 ನೋಡಲು 9 ಎಂಎಂನ ತಮ್ಮನ ಹಾಗೆಯೇ, ಎರಡು ಮಿಲಿಮೀಟರ್ ಗಿಡ್ಡ ಅಷ್ಟೇ. ಕೆಲವು ಕಡೆಯ ಕೇಸುಗಳಲ್ಲಿ ಬೆಂಕಿ ಹೋಗಲು ಮಧ್ಯೆ ಒಂದು ತೂತಿನ ಬದಲು ಪಕ್ಕದಲ್ಲಿ ಎರಡು ಸಣ್ಣ ತೂತು ಇರುತ್ತವೆ, ಬರ್ಡನ್ ಅನ್ನುತ್ತಾರೆ. ಡೈನ ಪಿನ್ ಅದಕ್ಕೆ ತಗುಲಿದರೆ ಪಿನ್ ಮುರಿಯುತ್ತದೆ. ಮೊದಲ ಎರಡು ಸಾವಿರ ತೋಟೆಯನ್ನಾದರೂ ಕೈಯಿಂದಲೇ ಹಾಕಿ.

ಪ್ರೆಸ್ ಬಂದಮೇಲಿನ ಮಾತು ಎರಡು. ಬೆಂಚು ಅಲ್ಲಾಡಬಾರದು. ಹ್ಯಾಂಡಲ್ ತಳ್ಳುವಾಗ ಬೆಂಚಿನ ಮುಂದಿನ ಅಂಚು ಕೂದಲೆಳೆಯಷ್ಟು ಬಗ್ಗಿದರೂ ಪ್ರೈಮರ್ ಎಷ್ಟು ಕೂತಿತು ಅನ್ನುವುದು ಕೈಗೆ ತಿಳಿಯುವುದಿಲ್ಲ. ದಪ್ಪ ಮರದ ಹಲಗೆ, ಗೋಡೆಗೆ ಬಿಗಿದದ್ದು, ಪ್ರೆಸ್‌ಗೆ ಬೋಲ್ಟು ಆರಪಾರ. ಸ್ಕ್ರೂ ಸಾಲದು. ಇನ್ನೊಂದು ಬೆಳಕು. ಟೂಲ್‌ಹೆಡ್ಡಿನ ಕೆಳಗೆ ಒಂದು ಸಣ್ಣ ಎಲ್‌ಇಡಿ ಪಟ್ಟಿ ಅಂಟಿಸಿ, ಗುಂಡು ಇಡುವ ಜಾಗದಲ್ಲಿ ಕೇಸಿನ ತಳ ಬೆಳಗುವಂತೆ. ಪರೀಕ್ಷಿಸುವ ಡೈ ಇದ್ದರೂ, ಗುಂಡು ಇಡುವ ಮುಂಚೆ ಇಣುಕಿ ನೋಡುವ ಅಭ್ಯಾಸ ಬಿಡಬೇಡಿ. ಕೂತು ಕೆಲಸ ಮಾಡುವವರಿಗೆ ಒಳಗೆ ಕಾಣದಿದ್ದರೆ ನಿಂತು ಮಾಡಿ, ಇಲ್ಲ ಸ್ಟೂಲ್ ಎತ್ತರಿಸಿ.

ಡೈಗಳನ್ನು ಹೊಂದಿಸುವಾಗ ಹೊಸಬರು ಮಾಡುವ ತಪ್ಪೊಂದಿದೆ. ಒಂದೇ ಕೇಸನ್ನು ಓಡಿಸಿ ತೋಟೆಯ ಉದ್ದ ಅಳೆದು ಡೈ ಬಿಗಿದುಬಿಡುತ್ತಾರೆ. ಆಮೇಲೆ ಎಲ್ಲ ಸ್ಟೇಷನ್ ತುಂಬಿದಾಗ ಉದ್ದ ಬೇರೆಯಾಗುತ್ತದೆ. ಯಾಕೆ? ಅಳತೆಗೆ ತರುವ ಡೈ ಒಂದು ಬದಿಯಿಂದ ಪ್ಲೇಟನ್ನು ಒತ್ತುತ್ತಿರುತ್ತದೆ, ಪ್ಲೇಟ್ ಕಣ್ಣಿಗೆ ಕಾಣದಷ್ಟು ವಾಲುತ್ತದೆ. ಹಾಗಾಗಿ ಪ್ಲೇಟ್ ಪೂರ್ತಿ ತುಂಬಿರುವಾಗಲೇ ಕೊನೆಯ ಅಳತೆ ನೋಡಿ ಬಿಗಿಯಿರಿ. 9 ಎಂಎಂ ತೋಟೆಯ ಗರಿಷ್ಠ ಉದ್ದ 29.69 ಮಿಲಿಮೀಟರ್. ನಿಮ್ಮ ಗುಂಡಿನ ಆಕಾರಕ್ಕೆ, ನಳಿಗೆಗೆ ಹೊಂದುವುದು ಅದಕ್ಕಿಂತ ಕಡಿಮೆ ಇರಬಹುದು. ನಳಿಗೆ ಬಿಚ್ಚಿ ಅದರೊಳಗೆ ತೋಟೆ ಬಿಟ್ಟು ನೋಡಿ, ‘ಟಣ್’ ಅಂತ ಕೂತು ಸುಮ್ನೆ ಬೆರಳಲ್ಲಿ ತಿರುಗಬೇಕು. ಹಾಗೆಯೇ ಪ್ಲೇಟಿನ ನಡುವಿನ ಬೋಲ್ಟು. ಅದು ಕೆಲಸ ಮಾಡುತ್ತಾ ಸಡಿಲಾಗುತ್ತದೆ. ಪ್ರೈಮರ್‌ಗಳು ಇದ್ದಕ್ಕಿದ್ದಂತೆ ಎತ್ತರವಾಗಿ ಕೂರತೊಡಗಿದರೆ ಮೊದಲು ಅದನ್ನೇ ಮುಟ್ಟಿ ನೋಡಿ.

ಕಣ್ಣು ಕಾಯುವ ಕನ್ನಡಕ ಹಾಕದೆ ಹ್ಯಾಂಡಲ್ ಮುಟ್ಟಬೇಡಿ. ಟ್ಯೂಬಿನಲ್ಲಿ 100 ಪ್ರೈಮರ್ ಒಂದರ ಮೇಲೊಂದು ಕೂತಿರುತ್ತವೆ, ಒಂದು ಸಿಡಿದರೆ ಪಕ್ಕದ್ದೂ ಸಿಡಿಯಬಹುದು. ಅದಕ್ಕೇ ಟ್ಯೂಬಿನ ಸುತ್ತ ಲೋಹದ ಕವಚ ಇರುವುದು. ಅದನ್ನು ತೆಗೆದಿಟ್ಟು ಕೆಲಸ ಮಾಡುವವರನ್ನು ನೋಡಿದ್ದೇನೆ, ನೀವು ಹಾಗೆ ಮಾಡಬೇಡಿ. ಪ್ರೈಮರ್ ಅಡ್ಡಬಿದ್ದರೆ ಬಲ ಹಾಕಿ ಒತ್ತಬೇಡಿ. ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ, ಮಿಕ್ಕದ್ದು ಕಪಾಟಿನಲ್ಲಿ. ಕೆಲಸ ಮುಗಿದಮೇಲೆ ಹಾಪರ್‌ನಲ್ಲಿ (ಪ್ರೆಸ್ ಮೇಲಿನ ಮದ್ದಿನ ಪಾತ್ರೆ) ಉಳಿದ ಮದ್ದನ್ನು ಅದೇ ಡಬ್ಬಿಗೆ ಸುರಿದು ಮುಚ್ಚಿ, ನಾಳೆಗೆ ಅಂತ ಬಿಡಬೇಡಿ. ನಾಳೆ ಅದರಲ್ಲಿರುವುದು ಯಾವ ಮದ್ದು ಅಂತ ನೆನಪಿರುವುದಿಲ್ಲ. ಹಳೆ ಪ್ರೈಮರ್‌ನ ಕಪ್ಪು ಪುಡಿಯಲ್ಲಿ ಸೀಸ ಇರುತ್ತದೆ. ತಿಂಡಿ, ಕಾಫಿ ಆ ಕೋಣೆಯಿಂದ ಹೊರಗೆ, ಕೈ ಸೋಪಿನಲ್ಲಿ ತೊಳೆದೇ ಮಕ್ಕಳನ್ನು ಮುಟ್ಟಿ.

ಇನ್ನು .223. ಅದನ್ನು ಪ್ರೋಗ್ರೆಸಿವ್‌ನಲ್ಲಿ ಮಾಡುತ್ತೇನೆ ಅಂದವರಿಗೆಲ್ಲ ಸ್ವಲ್ಪ ನಿರಾಸೆ ಆಗುತ್ತದೆ. ಕುತ್ತಿಗೆ ಸಣ್ಣದಿರುವ ಕೇಸು ಅದು, ಪಿಸ್ತೂಲ್ ಕೇಸನ್ನು ಕಾರ್ಬೈಡ್ (ತುಂಬಾ ಗಟ್ಟಿ ಲೋಹ) ಡೈಯಲ್ಲಿ ಒಣಗಾಗಿ ತಳ್ಳಿದಂತೆ ಆಗುವುದಿಲ್ಲ, ಎಣ್ಣೆ ಹಚ್ಚಬೇಕು. ಡೈಯಿಂದ ಹೊರಬಂದಾಗ ಉದ್ದ ಬೆಳೆದಿರುತ್ತದೆ, 44.70 ಮಿಲಿಮೀಟರ್ ದಾಟಿದ್ದನ್ನು ಕತ್ತರಿಸಬೇಕು. ಆಮೇಲೆ ಎಣ್ಣೆ ತೆಗೆಯಬೇಕು. ಅಷ್ಟಾದಮೇಲೆ ಮದ್ದು. ಹಾಗಾಗಿ ಒಂದೇ ಎಳೆತಕ್ಕೆ ಒಂದು ತೋಟೆ ಅನ್ನುವ ಸುಖ ಅಲ್ಲಿಲ್ಲ, ಎರಡು ಸುತ್ತಾಗಿ ಓಡಿಸಬೇಕು. ಮೊದಲ ಸುತ್ತನ್ನು ನಿಮ್ಮ ಹಳೆಯ ಸಿಂಗಲ್ ಸ್ಟೇಜ್‌ನಲ್ಲೇ ಮಾಡಿ, ಎಣ್ಣೆಯ ಜಿಡ್ಡು ಹೊಸ ಪ್ರೆಸ್‌ಗೆ ತಾಗುವುದಿಲ್ಲ. ಅದಕ್ಕೇ ಅದನ್ನು ಮಾರಿ ಆ ಹಣ ಇದಕ್ಕೆ ಹಾಕುವ ಯೋಚನೆ ಇದ್ದರೆ ಬಿಡಿ. ಬೆಂಚಿನ ಇನ್ನೊಂದು ತುದಿಗೆ ಅದನ್ನು ಬಿಗಿದಿಡಿ. ಕೆಂಪು ಡಬ್ಬಿಯ ತೋಟೆಗಳನ್ನು ಬಿಚ್ಚುವ ಪುಲ್ಲರ್ ಕೂಡ ಅದರಲ್ಲೇ ಕೂರುತ್ತದೆ. ಸುತ್ತಿಗೆಯಲ್ಲಿ ಕುಟ್ಟುವುದಕ್ಕಿಂತ ಅದು ಎಷ್ಟೋ ಸಲೀಸು.